ಶರಣಬಸವೇಶ್ವರ ಜಾತ್ರೆ: ಮೂರು ಸಂಜೆಗಳ ಲೆಕ್ಕ

ಕಲಬುರಗಿಯ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ. ಆದರೆ ಊರಿಗೆ ರಜೆಯ ಗಾಳಿ ತಗಲುವುದು ಅದಕ್ಕೂ ಮೊದಲೇ, ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ, ಫಾಲ್ಗುಣ ಬಹುಳ ಪಂಚಮಿಯ ಸಂಜೆ, ಶರಣಬಸವೇಶ್ವರರ ತೇರು ಹೊರಡುವಾಗ. ಅಲ್ಲಿಂದ ಹತ್ತು-ಹನ್ನೊಂದು ದಿನಕ್ಕೆ ಯುಗಾದಿ, ಯುಗಾದಿಯ ಹಿಂದೆ ಮುಂದೆ ಮಕ್ಕಳ ಪರೀಕ್ಷೆ, ಪರೀಕ್ಷೆ ಮುಗಿದ ಮೇಲೆ ಬೀಗರ ಊರು, ಅಜ್ಜಿಯ ಮನೆ. ಈ ಸಾಲಿನ ಮೊದಲ ಬಾಗಿಲು ಜಾತ್ರೆ. ತೇರು ಎಳೆಯುವುದು ಒಂದೇ ಸಂಜೆಯಾದರೂ ಅಂಗಡಿ, ಜೋಕಾಲಿ, ನಾಟಕದ ಡೇರೆಗಳು ವಾರಗಟ್ಟಲೆ ನಿಲ್ಲುವುದರಿಂದ, ಜಾತ್ರೆಗೆ ಹೋಗಿ ಬಂದೆವು ಎಂದು ಯಾರಾದರೂ ಹೇಳಿದರೆ ಯಾವ ಜಾತ್ರೆಗೆ ಎಂದು ಕೇಳಬೇಕಾಗುತ್ತದೆ. ತೇರಿನ ದಿನದ ಜಾತ್ರೆ ಬೇರೆ, ಅದರ ಮುಂದಿನ ಭಾನುವಾರದ ಜಾತ್ರೆ ಬೇರೆ, ಪರೀಕ್ಷೆ ಮುಗಿದ ಮೇಲಿನ ಜಾತ್ರೆಯಂತೂ ಪೂರ್ತಿ ಬೇರೆಯೇ. ಕಳೆದ ಸಲ ನಾವು ಈ ಮೂರನ್ನೂ ನೋಡಿದೆವು. ಜೊತೆಗೆ ಜೇವರ್ಗಿ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದ ನಮ್ಮ ಅತ್ತೆಯವರು, ಆರನೆಯ ತರಗತಿಯ ಮಗಳು, ಮತ್ತು ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗ ಇದ್ದರು. ಮೂವರ ಅಭಿಪ್ರಾಯವೂ ಈ ಬರಹದಲ್ಲಿ ಸೇರಿದೆ.

ಹೊರಗಿನವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಶರಣಬಸವೇಶ್ವರರು 1746ರಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದವರು; ಒಕ್ಕಲುತನ ಮಾಡಿದವರು. ಹೊಲಕ್ಕೆ ಬಂದ ಹಕ್ಕಿಗಳನ್ನು ಕವಣೆ ಬೀಸಿ ಓಡಿಸುವ ಬದಲು ಅವಕ್ಕೆ ಕುಡಿಯಲು ನೀರಿಟ್ಟು, ತೆನೆ ತಿನ್ನಲು ಬಿಟ್ಟರು, ಆದರೂ ರಾಶಿ ಕಡಿಮೆಯಾಗಲಿಲ್ಲ ಎಂಬ ಕಥೆಯನ್ನು ಈ ಭಾಗದ ಪ್ರತಿ ಮನೆಯಲ್ಲೂ ಮಕ್ಕಳಿಗೆ ಹೇಳುತ್ತಾರೆ. ಮನೆಗೆ ಬಂದವರಿಗೆಲ್ಲ ಉಣ್ಣಲಿಕ್ಕಿದ್ದರಿಂದ ಮಹಾದಾಸೋಹಿ ಎಂಬ ಹೆಸರು ಬಂತು. ಮುಂದೆ ಕಲಬುರಗಿಗೆ ಬಂದು ನೆಲೆಸಿ, 1822ರಲ್ಲಿ ಇಲ್ಲಿಯೇ ಲಿಂಗೈಕ್ಯರಾದರು. ಇದೇ ಊರಿನ ಇನ್ನೊಂದು ಬದಿಯಲ್ಲಿ ದರ್ಗಾ ಇರುವ ಖ್ವಾಜಾ ಬಂದೇ ನವಾಜರು ತೀರಿಕೊಂಡದ್ದು 1422ರಲ್ಲಿ. ಇಬ್ಬರ ನಡುವೆ ಸರಿಯಾಗಿ ನಾಲ್ಕುನೂರು ವರ್ಷ. ಉರುಸಿಗೂ ಜಾತ್ರೆಗೂ ಅದೇ ಬಳೆಯವರು, ಅದೇ ಮಿಠಾಯಿಯವರು ಅಂಗಡಿ ಹಾಕುವುದನ್ನು ನೋಡಿದವರಿಗೆ ಈ ಲೆಕ್ಕ ತಮಾಷೆಯಾಗಿ ಕಾಣಬಹುದು.

ತೇರಿನ ಹಿಂದಿನ ದಿನ ಉಚ್ಚಾಯಿ, ಅಂದರೆ ಚಿಕ್ಕ ತೇರು, ಎಳೆಯುತ್ತಾರೆ. ಅಂದು ಜನ ಕಡಿಮೆಯಿರುವುದರಿಂದ, ನೂಕುನುಗ್ಗಲು ಆಗದ ಹಿರಿಯರನ್ನು ಆ ದಿನವೇ ದರ್ಶನಕ್ಕೆ ಕರೆದುಕೊಂಡು ಹೋಗುವುದು ಒಳ್ಳೆಯದು. ಈ ಮಾತನ್ನು ನಾನು ಅತ್ತೆಯವರಿಗೂ ಹೇಳಿದ್ದೆ. "ತೇರು ಬಿಟ್ಟು ಉಚ್ಚಾಯಿ ನೋಡಿ ಬರಾಕ ನಾ ಏನ್ ಹೊಸಬಳೇನ?" ಎಂದು ಅವರು ನನ್ನ ಬಾಯಿ ಮುಚ್ಚಿಸಿದರು.

ತೇರಿನ ಸಂಜೆ ನಾವು ನಾಲ್ಕೂವರೆಗೇ ಮನೆ ಬಿಟ್ಟೆವು. ಮಾರ್ಚ್ ತಿಂಗಳ ಕಲಬುರಗಿಯಲ್ಲಿ ಆ ಹೊತ್ತು ಇನ್ನೂ ಬಿಸಿಲೇ. ಡಾಂಬರು ಚಪ್ಪಲಿಯ ಮೂಲಕವೂ ಸುಡುತ್ತದೆ. ಆದರೂ ಗುಡಿಯ ಕಡೆಗೆ ಹೋಗುವ ದಾರಿಗಳೆಲ್ಲ ಆಗಲೇ ತುಂಬಿದ್ದವು. ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯಿಂದ, ತೆಲಂಗಾಣದ ಗಡಿಯ ಹಳ್ಳಿಗಳಿಂದ ನಡೆದೇ ಬಂದವರು ಗಂಟು ತಲೆಗಿಟ್ಟು ನೆರಳಲ್ಲಿ ಅಡ್ಡಾಗಿದ್ದರು. ಮಾತಿನಲ್ಲಿ ಕನ್ನಡ, ಮರಾಠಿ, ತೆಲುಗು, ದಖ್ಖನಿ ಉರ್ದು ಎಲ್ಲವೂ ಕಲಸಿಕೊಂಡಿದ್ದವು. ತೇರು ಹೊರಡುವ ಮುನ್ನ ಸಂಸ್ಥಾನದ ಪೀಠಾಧಿಪತಿಗಳು ಪರುಷ ಬಟ್ಟಲನ್ನು, ಅಂದರೆ ಶರಣರು ಬಳಸಿದ್ದೆಂದು ನಂಬುವ ಬಟ್ಟಲನ್ನು, ಎತ್ತಿ ಜನರಿಗೆ ತೋರಿಸುತ್ತಾರೆ. ವರ್ಷಕ್ಕೊಮ್ಮೆ ಸಿಗುವ ಈ ದರ್ಶನಕ್ಕಾಗಿಯೇ ಬಹಳ ಮಂದಿ ಬಂದಿರುತ್ತಾರೆ. ಆ ಕ್ಷಣದಲ್ಲಿ ಒಮ್ಮೆಲೇ ಎದ್ದ ಜಯಕಾರ ನಮ್ಮ ಬೆನ್ನ ಹಿಂದಿನಿಂದ ಅಲೆಯಂತೆ ಬಂದು ಮುಂದಕ್ಕೆ ಹೋಯಿತು. ಬಟ್ಟಲು ಮಾತ್ರ ನಮಗೆ ಕಾಣಲಿಲ್ಲ. ಎದುರಿಗೆ ನೂರಾರು ಕೈಗಳು ಮೊಬೈಲ್ ಎತ್ತಿ ಹಿಡಿದಿದ್ದವು, ನಾವು ಕಂಡದ್ದು ಆ ಮೊಬೈಲ್ ಪರದೆಗಳೊಳಗಿನ ಬಟ್ಟಲು. ಇದು ಜಾತ್ರೆಯ ತಪ್ಪಲ್ಲ. ಆದರೆ ಹಿಂದೆ ನಿಂತ ಕುಳ್ಳಗಿನವರಿಗೆ, ಮುದುಕಿಯರಿಗೆ, ಮಕ್ಕಳಿಗೆ ಇದರಿಂದ ಎಷ್ಟು ಅನ್ಯಾಯವಾಗುತ್ತದೆ ಎಂದು ಮುಂದಿನವರು ಒಮ್ಮೆ ಹಿಂತಿರುಗಿ ನೋಡಿದ್ದರೆ ತಿಳಿಯುತ್ತಿತ್ತು.

ತೇರು ಜರುಗಿದ ಮೇಲೆ ಉತ್ತತ್ತಿ, ಬಾಳೆಹಣ್ಣು ಎಸೆಯುವುದು ಶುರುವಾಗುತ್ತದೆ. ಬೆಂಗಳೂರಿನ ಹುಡುಗನಿಗೆ ಅತ್ಯಂತ ಇಷ್ಟವಾದದ್ದು ಇದೇ. ಕಳಸದ ಕಡೆ ಗುರಿಯಿಟ್ಟು ಅವನು ಎಸೆದ ಹಣ್ಣು ತೇರಿನವರೆಗೂ ಮುಟ್ಟದೆ ಯಾರದೋ ರುಮಾಲಿನ ಮೇಲೆ ಬಿತ್ತು. ಆ ಹಿರಿಯರು ಹಣ್ಣನ್ನು ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡು, ತಾವೇ ಇನ್ನೊಮ್ಮೆ ಎಸೆದರು. ಉತ್ತತ್ತಿ ಎಸೆಯುವುದು ಸುಲಭ, ದೂರ ಹೋಗುತ್ತದೆ, ತುಳಿದರೂ ಜಾರುವುದಿಲ್ಲ. ಬಾಳೆಹಣ್ಣು ಹಾಗಲ್ಲ. ತೇರು ಮುಂದೆ ಹೋದ ಮೇಲೆ ಆ ದಾರಿಯಲ್ಲಿ ನಡೆಯುವಾಗ ಎಚ್ಚರ ಬೇಕು, ಅದರಲ್ಲೂ ಬರಿಗಾಲಿನವರಿಗೆ. ತೇರಿನ ಹಗ್ಗದ ಹತ್ತಿರ, ಗಾಲಿಯ ಸಮೀಪ ಮಕ್ಕಳನ್ನು ಒಯ್ಯಲೇಬಾರದು. ಹೊಸದಾಗಿ ಬರುವವರಿಗೆ ನನ್ನ ಸಲಹೆಯೆಂದರೆ, ತೇರಿಗೆ ಹತ್ತಿರವಾಗಲು ಹೆಣಗುವುದಕ್ಕಿಂತ ದೂರದ ಒಂದು ಎತ್ತರದ ಕಟ್ಟೆಯನ್ನು ಮೊದಲೇ ನೋಡಿ ಕುಳಿತುಕೊಳ್ಳುವುದು. ಮುಳುಗುವ ಬಿಸಿಲು ಕಳಸದ ಮೇಲೆ ಬಿದ್ದು, ಕೆಳಗೆ ಜನಸಾಗರದ ಮೇಲೆ ಉತ್ತತ್ತಿಗಳು ಚಿಟ್ಟುಗುಬ್ಬಿಗಳಂತೆ ಹಾರುವುದು ದೂರದಿಂದಲೇ ಚೆನ್ನಾಗಿ ಕಾಣುತ್ತದೆ.

ಇನ್ನು ದಾಸೋಹ. ಈ ಜಾತ್ರೆಯ ಬಗ್ಗೆ ಬರೆಯುವಾಗ ಇದಕ್ಕೆ ಹೆಚ್ಚು ಜಾಗ ಕೊಡದೆ ವಿಧಿಯಿಲ್ಲ. ನಾನು ಮದುವೆ ಮನೆಗಳ ಊಟದ ಹಾಲ್‌ನಲ್ಲಿ, ಕೈಯಲ್ಲಿ ಉಡುಗೊರೆ ಹಿಡಿದು, ಉಣ್ಣುತ್ತಿರುವವರ ಕುರ್ಚಿಯ ಹಿಂದೆ ಕಾದು ನಿಂತವಳು. ಅಲ್ಲಿ ಇರುವುದು ಐನೂರು ಜನ, ಆದರೂ ಯಾರಿಗೂ ನೆಮ್ಮದಿಯಿಲ್ಲ. ಇಲ್ಲಿ ಲೆಕ್ಕವಿಲ್ಲದಷ್ಟು ಜನ ಬರುತ್ತಿದ್ದರೂ ಸಾಲು ನಿಲ್ಲದೆ ಸರಿಯುತ್ತಿತ್ತು. ನೆಲದ ಮೇಲೆ ಪಂಕ್ತಿ, ಪಂಕ್ತಿಯ ನಡುವೆ ಬಕೆಟ್ಟು ಹಿಡಿದು ಹೆಚ್ಚುಕಡಿಮೆ ಓಡುತ್ತಲೇ ಬಡಿಸುವ ಹುಡುಗರು. ಅನ್ನ, ಸಾರು, ಗೋಧಿ ಹುಗ್ಗಿ. ಸಾರಿನ ಬೇಳೆ ಬೆಂದು ಕರಗಿ, ಬೆಲ್ಲ-ಹುಣಸೆ ಹದವಾಗಿ ಕೂಡಿತ್ತು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಾಗ ಪತ್ರಿಕೆಗಳು ಅದರ ಪರಿಮಳದ ಬಗ್ಗೆ, ಬೇಗ ಬೇಯುವ ಗುಣದ ಬಗ್ಗೆ ಬಹಳ ಬರೆದವು. ಆ ಬರಹಗಳ ಬದಲು ಒಂದು ಸೌಟು ಈ ಸಾರನ್ನು ಕೊಟ್ಟಿದ್ದರೂ ಸಾಕಾಗುತ್ತಿತ್ತು. ಹುಗ್ಗಿ ನನಗೆ ಸ್ವಲ್ಪ ಸಿಹಿ ಹೆಚ್ಚು ಅನ್ನಿಸಿತು. ಅತ್ತೆಯವರು ಇನ್ನೊಮ್ಮೆ ಹಾಕಿಸಿಕೊಂಡರು.

ನನ್ನ ಮನಸ್ಸಿಗೆ ತಾಗಿದ್ದು ಬಡಿಸುವ ಕ್ರಮ. "ಇನ್ನೊಂಚೂರು ಹಾಕ್ಲೇನವ್ವ?" ಎಂದು ಕೇಳದೆ ಯಾರೂ ಮುಂದೆ ಹೋಗಲಿಲ್ಲ. ನನ್ನ ಎಡಕ್ಕೆ ಕುಳಿತವರು ಮೂರು ದಿನ ನಡೆದು ಬಂದಿದ್ದ ಹೆಣ್ಣುಮಗಳು, ಬಲಕ್ಕೆ ಕುಳಿತವರು ಗರಿಗರಿ ಇಸ್ತ್ರಿಯ ಅಂಗಿ ತೊಟ್ಟ ಯಾರೋ ಅಧಿಕಾರಿ. ಇಬ್ಬರ ಮುಂದೆಯೂ ಬಕೆಟ್ಟು ನಿಂತ ಹೊತ್ತು ಒಂದೇ. ತಟ್ಟೆಯಲ್ಲಿ ಅನ್ನ ಬಿಟ್ಟು ಏಳಲು ಹೊರಟ ಬೆಂಗಳೂರಿನ ಹುಡುಗನಿಗೆ ಒಬ್ಬ ಮುದುಕರು ಬೈಯಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕುಳಿತರು. ಅವನು ಮುಗಿಸಿಯೇ ಎದ್ದ. ತೇರಿನ ರಾತ್ರಿ ಒಂಬತ್ತರ ಸುಮಾರಿಗೆ ಬಂದರೆ ಕಾಯುವುದು ಹೆಚ್ಚಾಗುತ್ತದೆ; ಮಧ್ಯಾಹ್ನವೇ ಪ್ರಸಾದ ಮುಗಿಸಿಕೊಂಡು ನಂತರ ತೇರಿಗೆ ಹೋಗುವವರೇ ಜಾಣರು.

ಎರಡನೆಯ ಸಂಜೆ, ಅಂದರೆ ಮುಂದಿನ ಭಾನುವಾರ, ನಾವು ಬಜಾರಿಗೆಂದೇ ಹೋದೆವು. ಕೆರೆಯ ಕಡೆಯಿಂದ ಬೀಸುವ ಗಾಳಿಯಿಂದ ಆರು ಗಂಟೆಯ ಹೊತ್ತಿಗೆ ಸ್ವಲ್ಪ ಹಿತವೆನ್ನಿಸುತ್ತಿತ್ತು. ಸಾಲು ಸಾಲು ಅಂಗಡಿಗಳಲ್ಲಿ ಮುಕ್ಕಾಲು ಪಾಲು ಪ್ಲಾಸ್ಟಿಕ್ಕಿನ ಮಾಲು, ಅದನ್ನು ಯಾವ ಊರಿನ ಸಂತೆಯಲ್ಲಾದರೂ ಕೊಳ್ಳಬಹುದು. ಉಳಿದ ಕಾಲು ಪಾಲಿಗಾಗಿ ಕಾಲು ಸವೆಸಬೇಕು, ಮತ್ತು ಅದು ಸಾರ್ಥಕ. ಬಳೆಯ ಸಾಲಿನಲ್ಲಿ ಅತ್ತೆಯವರು ಮುಕ್ಕಾಲು ಗಂಟೆ ಕಳೆದರು. ಬಳೆಗಾರ್ತಿ ಡಜನ್ನಿಗೆ ಅರವತ್ತು ಎಂದಳು, ಇವರು ಮೂವತ್ತು ಎಂದರು, ಕೊನೆಗೆ ನಲವತ್ತಕ್ಕೆ ಒಪ್ಪಿದ ಮೇಲೆ ಇಬ್ಬರೂ ತಮಗೆ ಮೋಸವಾಯಿತೆಂದು ಪರಸ್ಪರ ಹೇಳಿಕೊಂಡು ನಕ್ಕರು. ಕೈ ಹಿಂಡಿ, ಒಂದೂ ಒಡೆಯದಂತೆ ಹಸಿರು ಗಾಜಿನ ಬಳೆ ಏರಿಸುವ ಆ ಕೆಲಸಕ್ಕೇ ಇಪ್ಪತ್ತು ರೂಪಾಯಿ ಕೊಡಬಹುದು. ಕುಡಗೋಲು, ಹಂಚು, ರೊಟ್ಟಿ ಬಡಿಯುವ ಕೊಮ್ಮೆ ಮಾರುವವರೂ ಇದ್ದರು. ಬಿಳಿಜೋಳದ ರಾಶಿ ಮನೆ ಸೇರುವ ಕಾಲದಲ್ಲಿ ಜಾತ್ರೆ ಬರುವುದರಿಂದ ಹಳ್ಳಿಯವರ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ವರ್ಷದ ಸಾಮಾನು ಇಲ್ಲೇ ಕೊಳ್ಳುತ್ತಾರೆ.

ಮಿಠಾಯಿ ಅಂಗಡಿಗಳಲ್ಲಿ ಬೆಂಡು-ಬತ್ತಾಸು, ಖಾಜಾ, ಜಿಲೇಬಿಗಳ ಗುಡ್ಡೆ. ಹೋಳಿಗೆಂದು ಮಾಡಿದ ಸಕ್ಕರೆ ಸರಗಳೂ ಇನ್ನೂ ತೂಗುತ್ತಿದ್ದವು. ಈ ಸರವನ್ನು ತಿಳಿಯದವರಿಗೆ ಹೇಳುವುದಾದರೆ, ಮರದ ಅಚ್ಚಿನಲ್ಲಿ ದಾರವಿಟ್ಟು ಅದರ ಮೇಲೆ ಗಟ್ಟಿ ಸಕ್ಕರೆ ಪಾಕ ಹೊಯ್ಯುತ್ತಾರೆ, ಆರಿದ ಮೇಲೆ ಅಚ್ಚು ಬಿಚ್ಚಿದರೆ ಬಿಲ್ಲೆ ಬಿಲ್ಲೆಯಾದ ಸಕ್ಕರೆಯ ಹಾರ ಸಿಗುತ್ತದೆ. ನಮ್ಮ ಭಾಗದಲ್ಲಿ ಹೋಳಿಗೆ ಮಕ್ಕಳ ಕೊರಳಿಗೆ ಇದನ್ನು ಹಾಕುತ್ತಾರೆ. ಬೆಂಗಳೂರಿನ ಹುಡುಗ ಅದನ್ನು ಕೊರಳಿಗೆ ಹಾಕಿಕೊಂಡವನು, ಬೆವರಿಗೆ ಅದು ಅಂಟಿಕೊಳ್ಳಲು ಶುರುವಾದ ಮೇಲೆ ಒಂದೊಂದೇ ಬಿಲ್ಲೆ ಮುರಿದು ತಿಂದು ಸಮಸ್ಯೆ ಬಗೆಹರಿಸಿಕೊಂಡ. ಬತ್ತಾಸು ಕೊಳ್ಳುವಾಗ ಒಂದನ್ನು ಬೆರಳಿನಿಂದ ಒತ್ತಿ ನೋಡಿ. ಹೊಸದಾದರೆ ಟಪ್ಪೆಂದು ಒಡೆದು ಒಳಗೆ ಪೊಳ್ಳಾಗಿರುತ್ತದೆ, ಹಳೆಯದಾದರೆ ಮೆತ್ತಗೆ ಕುಸಿಯುತ್ತದೆ. ಕಡುಗುಲಾಬಿ, ಕಡುಹಸಿರು ಬಣ್ಣದವನ್ನು ಬಿಟ್ಟು ಬಿಳಿಯದನ್ನೇ ಕೊಳ್ಳುವುದು ಒಳ್ಳೆಯದು.

ಮಿರ್ಚಿ ಭಜಿಯ ವಿಷಯದಲ್ಲಿ ನನಗೆ ಪಕ್ಷಪಾತವಿದೆ, ಒಪ್ಪಿಕೊಳ್ಳುತ್ತೇನೆ. ಉದ್ದ ಮೆಣಸಿನಕಾಯಿಯ ಹೊಟ್ಟೆ ಸೀಳಿ, ಅಜವಾನ ಹಾಕಿದ ಕಡಲೆ ಹಿಟ್ಟಿನಲ್ಲಿ ಅದ್ದಿ, ಕಣ್ಣೆದುರಿಗೇ ಎಣ್ಣೆಗೆ ಬಿಟ್ಟು ತೆಗೆದ ಭಜಿಯನ್ನು ಚುರುಮುರಿ ಸೂಸಲದ ಜೊತೆ, ಹಳೆಯ ಪತ್ರಿಕೆಯ ತುಂಡಿನಲ್ಲಿ ತಿನ್ನುವುದಕ್ಕೆ ಸಮನಾದದ್ದು ಈ ಊರಿನ ಯಾವ ಹೋಟೆಲಿನಲ್ಲೂ ಇಲ್ಲ. ಪತ್ರಿಕೆಯ ಮಸಿ ಎಣ್ಣೆಗೆ ಇಳಿಯುವುದು ಒಳ್ಳೆಯದಲ್ಲವೆಂದು ತಿಳಿದ ಮೇಲೆ ನಾನು ಮನೆಯಿಂದ ಸ್ಟೀಲ್ ತಟ್ಟೆ ಒಯ್ಯುತ್ತೇನೆ. ಭಜಿಯವರು ನಗುತ್ತಾರೆ, ಆದರೆ ತಟ್ಟೆ ದೊಡ್ಡದಾದ್ದರಿಂದ ಸೂಸಲ ಒಂದು ಹಿಡಿ ಹೆಚ್ಚಿಗೆ ಬೀಳುತ್ತದೆ. ಎಣ್ಣೆ ಕಪ್ಪಾಗಿರುವ ಅಂಗಡಿಯನ್ನು ದಾಟಿ ಮುಂದೆ ಹೋಗಬೇಕು. ಬರ್ಫಿನ ಗೋಲಾ ನಾವು ಮುಟ್ಟಲಿಲ್ಲ. ಕಬ್ಬಿನ ಹಾಲನ್ನು ಮಂಜುಗಡ್ಡೆ ಹಾಕದೆ ಕೇಳಿದರೆ ಕೊಡುತ್ತಾರೆ.

ಜೋಕಾಲಿಗಳ ಬಯಲಿನ ಬಗ್ಗೆ ಇಷ್ಟು ಪ್ರೀತಿಯಿಂದ ಬರೆಯಲಾರೆ. ದೊಡ್ಡ ತೊಟ್ಟಿಲು, ತೂಗುವ ದೋಣಿ, ಗಿರಗಿರನೆ ಸುತ್ತುವ ಟೋರಾ ಟೋರಾ, ಬಾವಿಯಂಥ ಗೋಡೆಯ ಮೇಲೆ ಬೈಕು ಓಡಿಸುವ ಮೌತ್ ಕಾ ಕುವಾ ಎಲ್ಲವೂ ಇದ್ದವು, ದೀಪಗಳು ಕಣ್ಣು ಕೋರೈಸುತ್ತಿದ್ದವು, ಪ್ರತಿಯೊಂದಕ್ಕೂ ಬೇರೆ ಬೇರೆ ಹಾಡು ಒಂದರ ಮೇಲೊಂದು ಬೀಳುತ್ತಿತ್ತು. ಮಕ್ಕಳಿಬ್ಬರನ್ನೂ ಕರೆದುಕೊಂಡು ತೂಗುವ ದೋಣಿಗೆ ತಲಾ ನೂರು ರೂಪಾಯಿ ಕೊಟ್ಟು ಹತ್ತಿದೆ. ನಮ್ಮ ಸಾಲಿನ ಅಡ್ಡ ಸರಳಿನ ಕೊಂಡಿ ಸಿಕ್ಕಿಕೊಳ್ಳಲಿಲ್ಲ. ನಡೆಸುವ ಹುಡುಗನಿಗೆ ಕೂಗಿ ಹೇಳಿದರೆ, "ಏನ್ ಆಗಂಗಿಲ್ಲ ಬಿಡ್ರಿ ಅಕ್ಕಾರ, ಗಟ್ಟಿ ಹಿಡ್ಕೊಳ್ರಿ" ಎಂದು ಮೋಟಾರು ಶುರು ಮಾಡಿದ. ಸರಳನ್ನು ಒಂದು ಕೈಯಲ್ಲೂ ಮಗಳನ್ನು ಇನ್ನೊಂದು ಕೈಯಲ್ಲೂ ಹಿಡಿದು ಕುಳಿತ ಆ ಮೂರು ನಿಮಿಷ ನನಗೆ ಜಾತ್ರೆ ಕಾಣಲೇ ಇಲ್ಲ. ಇಳಿದ ಮೇಲೆ ಟಿಕೆಟ್ಟಿನ ಡಬ್ಬಿಯ ಬಳಿ ಕುಳಿತಿದ್ದವರಿಗೆ ವಿಷಯ ತಿಳಿಸಿದೆ. ಅವರು ಹಣ ವಾಪಸು ಕೊಡಲು ಬಂದರೇ ಹೊರತು ಆ ಸಾಲನ್ನು ಖಾಲಿ ಬಿಡುವ ಮಾತಾಡಲಿಲ್ಲ. ಮುಂದಿನ ಸುತ್ತಿಗೆ ಅದೇ ಸಾಲಿನಲ್ಲಿ ಬೇರೆ ಮಕ್ಕಳು ಕುಳಿತಿದ್ದರು. ಪಕ್ಕದ ಬಂದೋಬಸ್ತಿನಲ್ಲಿದ್ದ ಪೊಲೀಸರಿಗೆ ಹೇಳಿದ ಮೇಲೆ ಕೊಂಡಿಗೆ ತಂತಿ ಬಿಗಿದರು. ಎಲ್ಲ ಜೋಕಾಲಿಗಳೂ ಹೀಗೆಯೇ ಎಂದು ನಾನು ಹೇಳಲಾರೆ. ತೊಟ್ಟಿಲನ್ನು ನಡೆಸುತ್ತಿದ್ದ ಹಿರಿಯರು ಪ್ರತಿ ಗೂಡಿನ ಬಾಗಿಲನ್ನೂ ತಾವೇ ಎಳೆದು ನೋಡಿ, ಭಾರ ಸರಿತೂಗುವಂತೆ ಜನರನ್ನು ಎದುರುಬದುರು ಕೂರಿಸಿ, ಆಮೇಲೆಯೇ ಕೈ ಎತ್ತುತ್ತಿದ್ದರು. ಮೇಲಿನಿಂದ ಒಂದು ಕಡೆ ಗುಡಿಯ ದೀಪ, ಇನ್ನೊಂದು ಕಡೆ ಕೆರೆಯ ಕಪ್ಪು ನೀರು ಕಂಡಾಗ ಮಗಳು ದೋಣಿಯ ಅಳುವನ್ನು ಮರೆತಳು. ಹತ್ತುವ ಮುನ್ನ ಒಂದು ಸುತ್ತು ಸುಮ್ಮನೆ ನಿಂತು ನೋಡಿ, ನಡೆಸುವವನು ಎಲ್ಲಿ ನೋಡುತ್ತಿದ್ದಾನೆ ಎಂಬುದನ್ನು ಗಮನಿಸಿ. ಅವನ ಕಣ್ಣು ಮೊಬೈಲಿನ ಮೇಲಿದ್ದರೆ ಮುಂದಿನ ಜೋಕಾಲಿಗೆ ಹೋಗಿ.

ಒಂದು ಪೈಸೆ ಕೇಳದ ದಾಸೋಹದಲ್ಲಿ ಕಂಡ ಅಚ್ಚುಕಟ್ಟು, ನೂರು ರೂಪಾಯಿ ಕೇಳಿದ ದೋಣಿಯಲ್ಲಿ ಕಾಣಲಿಲ್ಲ ಎಂಬುದೇ ಈ ಜಾತ್ರೆಯ ಬಗ್ಗೆ ನನ್ನ ಮುಖ್ಯ ದೂರು. ವಾಹನ ನಿಲ್ಲಿಸಿದ ಜಾಗದಲ್ಲೂ ಇದೇ ಅನುಭವ. ಖಾಸಗಿ ಜಾಗವೊಂದರಲ್ಲಿ ಹೋಗುವಾಗ ಹತ್ತು ರೂಪಾಯಿ ಎಂದವರು ಬರುವಾಗ ಮೂವತ್ತು ಎಂದರು, ಚೀಟಿ ಕೇಳಿದರೆ ಮುಗಿದಿದೆ ಎಂದರು. ಆಟೋದಲ್ಲಿ ಬಂದು ಸ್ವಲ್ಪ ದೂರದಲ್ಲೇ ಇಳಿದು ನಡೆಯುವುದು ಎಲ್ಲಕ್ಕಿಂತ ಸುಲಭ.

ಮೂರನೆಯ ಸಂಜೆ ಏಪ್ರಿಲ್‌ನಲ್ಲಿ, ಮಗಳ ಪರೀಕ್ಷೆ ಮುಗಿದ ಮರುದಿನ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುವುದರಿಂದ, ನನ್ನಂಥವರಿಗೆ ಮಧ್ಯಾಹ್ನ ಒಂದು ನಿದ್ದೆ ತೆಗೆದು ಸಂಜೆ ತಾಜಾ ಆಗಿ ಹೊರಡುವ ಭಾಗ್ಯವಿದೆ. ಅಷ್ಟು ಹೊತ್ತಿಗೆ ಅರ್ಧ ಅಂಗಡಿಗಳು ಕಿತ್ತು ಹೋಗಿದ್ದವು. ಉಳಿದವರು ಬೆಲೆ ಇಳಿಸಿದ್ದರು, ಮಾತಿಗೂ ಬಿಡುವಾಗಿದ್ದರು. ಧೂಳು ಮಾತ್ರ ಹೆಚ್ಚಾಗಿತ್ತು. ಉಬ್ಬಸವಿರುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಬರಬಾರದು.

ಅಂದು ನಾವು ನಾಟಕದ ಡೇರೆಗೆ ಹೋದೆವು. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಡೇರೆ ಹೊತ್ತು ತಿರುಗುತ್ತವೆ. ಅವುಗಳ ವರ್ಷದ ಕೂಳು ಇಂಥ ಜಾತ್ರೆಗಳಲ್ಲೇ ಹುಟ್ಟಬೇಕು. ತಗಡಿನ ಗೋಡೆ, ಮಡಚುವ ಕುರ್ಚಿ, ವೇದಿಕೆಯ ಮುಂದೆ ಹಾರ್ಮೋನಿಯಂ ಇರಬೇಕಾದ ಜಾಗದಲ್ಲಿ ಕೀಬೋರ್ಡು. ಮೊದಲ ಅರ್ಧ ಗಂಟೆ ಎರಡರ್ಥದ ಹಾಸ್ಯಕ್ಕೆ ಮಕ್ಕಳ ಪಕ್ಕದಲ್ಲಿ ಕುಳಿತು ನಗಲೂ ಆಗದೆ ಏಳಲೂ ಆಗದೆ ಒದ್ದಾಡಿದೆ. ಆದರೆ ಎರಡನೆಯ ಅಂಕದಲ್ಲಿ, ಮಗ ಮನೆಯಿಂದ ಹೊರಹಾಕಿದ ತಾಯಿಯ ಪಾತ್ರಧಾರಿಣಿ ಮೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದು, ಬರಿ ಕೊರಳಿನಲ್ಲಿ ಮಾತಾಡತೊಡಗಿದಾಗ, ಹಿಂದಿನ ಸಾಲಿನಲ್ಲಿ ಚುರುಮುರಿ ಅಗಿಯುವ ಸದ್ದೂ ನಿಂತಿತು. ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದ ಅಪರಿಚಿತೆಗೆ ಆ ಮಗನ ಬಗ್ಗೆ ನಾಲ್ಕು ಮಾತು ಆಡಿದರು, ಆಕೆ ತಮ್ಮ ಮಗನ ಬಗ್ಗೆ ನಾಲ್ಕು ಮಾತು ಆಡಿದರು. ಮಧ್ಯದಲ್ಲಿ ಸಿನಿಮಾ ಹಾಡಿನ ಕುಣಿತ ತುರುಕಿದ್ದು ಯಾಕೆಂದು ನನಗೆ ತಿಳಿಯಲಿಲ್ಲ, ಮುಂದಿನ ಸಾಲಿನ ಹುಡುಗರಿಗೆ ತಿಳಿದಂತಿತ್ತು. ಚಿಕ್ಕ ಮಕ್ಕಳಿರುವವರು ಟಿಕೆಟ್ ಕೊಳ್ಳುವ ಮೊದಲು ಬಾಗಿಲಲ್ಲಿ ಕೇಳಿ ನೋಡಿ. ಯಾವ ನಾಟಕ ಮನೆಮಂದಿ ಕೂಡಿ ನೋಡುವಂಥದ್ದೆಂದು ಅವರೇ ಹೇಳುತ್ತಾರೆ.

ಒಂದೇ ಸಲ ಬರಲು ಸಾಧ್ಯವಿರುವವರು ತೇರಿನ ದಿನವೇ ಬರಬೇಕು, ಬೇರೆ ದಾರಿಯಿಲ್ಲ. ಎರಡು ಸಲ ಬರಬಹುದಾದವರು ಮಕ್ಕಳನ್ನು ಎರಡನೆಯ ಸಲಕ್ಕೆ ಉಳಿಸಿಕೊಳ್ಳಲಿ. ಸಂಜೆ ಐದೂವರೆಗಿಂತ ಮೊದಲು ಬಯಲಿಗೆ ಕಾಲಿಡಬೇಡಿ, ನೀರಿನ ಬಾಟಲಿ ಮನೆಯಿಂದಲೇ ತನ್ನಿ, ಮಕ್ಕಳ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಡಿ. ನಮ್ಮ ಹುಡುಗ ಬೆಂಗಳೂರಿಗೆ ಹೊರಟಾಗ ಅವನ ಬ್ಯಾಗಿನಲ್ಲಿ ಅರ್ಧ ಕೆ.ಜಿ. ಬತ್ತಾಸು, ಎರಡು ಸಕ್ಕರೆ ಸರ ಇದ್ದವು. ತೇರಿಗೆ ಎಸೆಯಲು ಕೊಟ್ಟಿದ್ದ ಉತ್ತತ್ತಿಯಲ್ಲಿ ಅವನು ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಐದಾರು ಉತ್ತತ್ತಿಗಳೂ ತಳದಲ್ಲಿ ಸಿಕ್ಕವು. ಮುಂದಿನ ವರ್ಷ ದೊಡ್ಡವನಾಗಿ ಬಂದು ಕಳಸಕ್ಕೇ ಮುಟ್ಟಿಸುತ್ತಾನಂತೆ.